ಉಸಿರಿಗೆ ಎರಡು ಬೆರಳು

ಮನೆ, ಹಿಂದಿನ ಕೋಣೆ
ಸೋಮವಾರ, ಒಂಬತ್ತನೇ ತಾರೀಖು, ಮಧ್ಯಾಹ್ನ ಎರಡೂವರೆ

ಪ್ರೀತಿಯ ಗುಂಡೀ,

ಹೇಗಿದ್ದೀಯ ಮಗಳೇ? ಬೆನ್ನುನೋವು ಕಡಿಮೆಯಾಯಿತೆ? ಆ ಲ್ಯಾಬಿನ ಚಕ್ರದ ಕುರ್ಚಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗೂನು ಹಾಕಿಕೊಂಡು ಕೂರಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಮೂವತ್ತು ವರ್ಷ ರಾಜಪಾರ್ಟು ಮಾಡಿದವನ ಮಗಳು ಸಿಂಹಾಸನದಲ್ಲಿ ಕೂತ ಹಾಗೆ ಕೂರಬೇಕು, ನಿದ್ದೆ ಬಂದ ಕಾವಲುಗಾರ ಕಂಬಕ್ಕೆ ಒರಗಿದ ಹಾಗಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ? ಕಣ್ಣಿಗೆ ಹಾಕುವ ಹನಿ ಮುಗಿದಿದ್ದರೆ ನಾಳೆ ಎನ್ನದೆ ಇವತ್ತೇ ತಂದುಕೋ. ನನ್ನ ಆರೋಗ್ಯ ಕೇಳಲೇಬೇಡ, ಕಲ್ಲುಗುಂಡು. ಮಂಡಿಗಳು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತವೆ. ನಿನ್ನಮ್ಮನ ವಿಷಯಕ್ಕೆ ಬರುತ್ತೇನೆ. ಈ ಕಾಗದವೇ ಅದಕ್ಕಾಗಿ. ಅದಕ್ಕೂ ಮುಂಚೆ ಒಂದು ಮಾತು ಮೇಲೆಯೇ ಬರೆದುಬಿಡುತ್ತೇನೆ, ಓದುತ್ತಾ ನಡುವೆ ಎಲ್ಲಾದರೂ ಸಿಟ್ಟು ಬಂದು ಕಾಗದ ಹರಿದು ಹಾಕಿದರೂ ಇದು ನಿನ್ನ ತಲೆಯಲ್ಲಿ ಉಳಿಯಲಿ: ಶುಕ್ರವಾರ ಆ ಐವರು ದೊಡ್ಡವರ ಎದುರು ನಿಂತು ಉಸಿರು ಅಳೆಯುವ ನಿನ್ನ ಎದೆಪಟ್ಟಿಯನ್ನು ಆಸ್ಪತ್ರೆಗಳಿಗೆ ಕೊಡಬಹುದೇ ಎಂದು ಕೇಳುವಾಗ, ಏಳನೇ ನಂಬರನ್ನು ತೋರಿಸಬೇಡ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಹುಬ್ಬೇರಿಸುವುದು ಇಲ್ಲಿಂದಲೇ ಕಾಣುತ್ತಿದೆ. ಮೊಬೈಲು ನಿನ್ನಮ್ಮನ ದಿಂಬಿನ ಕೆಳಗಿದೆ. ಖಜಾನೆಯ ಬೀಗದಕೈ ಕಾಯುವವಳ ಹಾಗೆ ಅದರ ಮೇಲೆ ತಲೆಯಿಟ್ಟು ಮುಂದಿನ ಕೋಣೆಯಲ್ಲಿ ಒರಗಿದ್ದಾಳೆ. ಅದಿರಲಿ, ಫೋನು ಕೈಗೆ ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ. ಫೋನಿನಲ್ಲಿ ನನಗೆ ದನಿ ಇರುತ್ತದೆ, ದನಿ ಇದ್ದರೆ ನಾನು ನಟಿಸಿಬಿಡುತ್ತೇನೆ. ಕಾಗದದ ಮೇಲೆ ಎಷ್ಟು ಗರ್ಜಿಸಿದರೂ ಅಕ್ಷರ ಇದ್ದಷ್ಟೇ ದಪ್ಪ. ಇನ್ನೊಂದು ಕಾರಣವೂ ಇದೆ, ದೊಡ್ಡದು. ಈ ವಿಷಯ ಬಾಯಿ ಬಿಡುವುದಿಲ್ಲ ಎಂದು ನಿನ್ನಮ್ಮನ ಕೈ ಹಿಡಿದು ಮಾತು ಕೊಟ್ಟಿದ್ದೇನೆ. ಬಾಯಿ ಬಿಡುವುದಿಲ್ಲ ಅಂದಿದ್ದೇನೆಯೇ ಹೊರತು ಅವಳ ಕೈ ಬಿಡುತ್ತೇನೆ ಅಂದಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡು ಕೈಯಲ್ಲಿ ಬರೆಯುತ್ತಿದ್ದೇನೆ. ಈ ಜಾಣತನಕ್ಕೆ ಮೇಲೆ ಏನು ಶಿಕ್ಷೆಯೋ ಗೊತ್ತಿಲ್ಲ.

ಹಿಂದಿನ ಅಂಕ ನೋಡದವನಿಗೆ ಮುಂದಿನ ಅಂಕದ ಅಳು ಅರ್ಥವಾಗುವುದಿಲ್ಲ, ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳಲು ಬಿಡು. ಎಂಟು ತಿಂಗಳ ಹಿಂದೆ ನೀನೇ ಬಂದು ಆ ಪಟ್ಟಿಯನ್ನು ಅವಳ ಎದೆಗೆ ಕಟ್ಟಿದೆ. ಮೂರು ಬೆರಳಗಲದ, ಎಳೆದರೆ ಹಿಗ್ಗುವ ಪಟ್ಟಿ. ನಡುವೆ ಕೋಟಿನ ಗುಂಡಿಯಷ್ಟು ದೊಡ್ಡ ಕಪ್ಪು ಬಿಲ್ಲೆ. ಮೂರು ವರ್ಷದವಳಿದ್ದಾಗ ಸೇನಾಪತಿಯ ಅಂಗಿಯ ಗುಂಡಿ ನುಂಗಿ, ಆವತ್ತಿನ ಆಟದಲ್ಲಿ ಸೇನಾಪತಿ ಎದೆ ತೆರೆದುಕೊಂಡೇ ಯುದ್ಧಕ್ಕೆ ಹೋಗುವ ಹಾಗೆ ಮಾಡಿ, 'ಗುಂಡಿ' ಎಂಬ ಹೆಸರು ಗಿಟ್ಟಿಸಿದವಳು ಈಗ ಗುಂಡಿಯನ್ನೇ ಮಾತಾಡಿಸುತ್ತಿದ್ದಾಳಲ್ಲ ಎಂದು ನಾನು ಹಿಗ್ಗಿಹೋದೆ. ಎದೆ ಅರಳಿದರೆ ಪಟ್ಟಿ ಎಳೆಯುತ್ತದೆ, ಇಳಿದರೆ ಸಡಿಲುತ್ತದೆ, ಅದು ಉಸಿರು. ಮೈ ವಾಲಿದ್ದು, ಎದ್ದದ್ದು, ಹೆಜ್ಜೆಯಿಟ್ಟದ್ದು ಬಿಲ್ಲೆಗೆ ತಿಳಿಯುತ್ತದೆ. ಎರಡನ್ನೂ ಸೇರಿಸಿ ಯಂತ್ರ ತಾನೇ ಹೇಳುತ್ತದೆ, ಈಗ ಕೂತಿದ್ದಾರೆ, ಈಗ ನಡೆಯುತ್ತಿದ್ದಾರೆ, ಈಗ ಮೆಟ್ಟಿಲು, ಈಗ ಊಟ, ಈಗ ಮಾತು, ಈಗ ಕೆಮ್ಮು. 'ಅಮ್ಮಾ, ನೀನು ಏನೂ ಹೇಳ್ಬೇಕಾಗಿಲ್ಲ, ಇದೇ ನಂಗೆ ಹೇಳತ್ತೆ' ಅಂದೆ ನೀನು. 'ನಲವತ್ತೊಂದು ವರ್ಷದಿಂದ ಅವಳು ಏನೂ ಹೇಳಿಲ್ಲ, ಇದಾದ್ರೂ ಹೇಳ್ಲಿ ಬಿಡು' ಅಂದ ನನಗೆ ಅಳತೆ ಟೇಪಿನಿಂದ ಭುಜಕ್ಕೊಂದು ಪೆಟ್ಟು ಬಿತ್ತು. ನಿನ್ನ ಪರೀಕ್ಷೆಗೆ ಪಟ್ಟಿ ಕಟ್ಟಿಕೊಂಡ ಹನ್ನೆರಡು ಜನರಲ್ಲಿ ಅವಳು ಏಳನೆಯವಳು. ನಾಟಕ ಕಂಪನಿಯ ಬಟ್ಟೆಗಳಿಗೆ ಮೂವತ್ತು ವರ್ಷ ಹೊಲಿಗೆ ಹಾಕಿ, ಹತ್ತಿಯ ದೂಳು, ಜರಿಯ ಚೂರು, ನಮ್ಮ ಮುಖದ ಬಣ್ಣದ ಪುಡಿ ಎಲ್ಲವನ್ನೂ ಎದೆಯೊಳಗೆ ತುಂಬಿಕೊಂಡವಳು. ಪುಪ್ಪುಸ ಒಣಗಿದ ಸ್ಪಂಜಿನಂತೆ ಗಟ್ಟಿಯಾಗುತ್ತಿದೆ ಎಂದು ಡಾಕ್ಟರು ಹೇಳಿದಾಗ, 'ಬಣ್ಣ ಹಚ್ಕೊಂಡಿದ್ದು ಇವ್ರು, ಬಣ್ಣ ಹಿಡ್ಕೊಂಡಿದ್ದು ನಾನು' ಎಂದಳಲ್ಲ, ನೆನಪಿದೆಯಾ? ನೀನು ನಕ್ಕೆ. ನಾನು ಹೊರಗೆ ಹೋಗಿ ಚಪ್ಪಲಿ ಹುಡುಕುವವನಂತೆ ಬಹಳ ಹೊತ್ತು ಬಾಗಿ ನಿಂತಿದ್ದೆ.

ಆಮೇಲೆ ಆ ಎರಡು ಬೆರಳಿನ ರಾಮಾಯಣ. ಕಂಪನಿಯಲ್ಲಿ ಯಾರ ಎದೆಯ ಅಳತೆ ತೆಗೆದರೂ ಟೇಪಿನ ಒಳಗೆ ತನ್ನ ಎರಡು ಬೆರಳು ತೂರಿಸಿಯೇ ಅವಳು ಗುರುತು ಹಾಕುತ್ತಿದ್ದದ್ದು. 'ಅಳತೆಗೆ ನಿಂತಾಗ ಎಲ್ಲಾ ಬೆಕ್ಕು. ಸ್ಟೇಜ್ ಹತ್ತಿದ್ರೆ ಹುಲಿ. ಹುಲಿ ಉಸಿರಿಗೆ ಎರಡು ಬೆರಳು ಬಿಡ್ಬೇಕು.' ಬೇರೆ ಕಂಪನಿಗಳ ರಾಜರಿಗೆ ಸಿಟ್ಟಿನ ಮಾತು ಬಂದರೆ ಅಂಗಿಯ ಗುಂಡಿ ಸಿಡಿದು ಮೊದಲ ಸಾಲಿನವರ ಮಡಿಲಿಗೆ ಬೀಳುತ್ತಿತ್ತು. ನನಗೆ ಒಂದೇ ಒಂದು ದಿನ ಹಾಗಾಗಲಿಲ್ಲ. ಅಂಥವಳ ಎದೆಗೆ ನೀನು ಬಿಗಿಯಾಗಿ ಪಟ್ಟಿ ಕಟ್ಟಿ, 'ಸಡಿಲ ಮಾಡ್ಬೇಡಮ್ಮಾ, ಮೈಗೆ ಅಂಟಿರ್ಬೇಕು' ಎಂದು ಹೇಳಿ ಹೋದೆ. ಮೂರು ದಿನ ತಡೆದಳು. ನಾಲ್ಕನೇ ದಿನ ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಅಚ್ಚುಕಟ್ಟಾಗಿ ಎರಡು ಬೆರಳು ಬಿಟ್ಟು, ಮತ್ತೆ ಹೊಲಿದು ಕಟ್ಟಿಕೊಂಡಳು. ನಿನ್ನ ಪರದೆಯ ಮೇಲೆ ಅಮ್ಮನ ಉಸಿರು ಗೆರೆಯಾಗಿ ಮಲಗಿತು. ನೀನು ಅಲ್ಲಿಂದಲೇ ಕಳಿಸಿದ ಆಂಬುಲೆನ್ಸು ಬೀದಿಯಲ್ಲೆಲ್ಲ ಕೂಗಿಕೊಂಡು ಬಂದಾಗ ಅವಳು ಕಿಟಕಿಯ ಬಳಿ ಕೂತು, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ನನ್ನ ಪೈಜಾಮಕ್ಕೆ ಲಾಡಿ ಹಾಕುತ್ತಿದ್ದಳು. ಎಲ್ಲರೂ ನಕ್ಕೆವು. ಆದರೆ ನೀನು ಅದೇ ಹೊತ್ತಿಗೆ ಆ ದೊಡ್ಡ ಸಭೆಯ ಮಧ್ಯದಿಂದ ಎದ್ದು, ಉಟ್ಟ ಬಟ್ಟೆಯಲ್ಲೇ ರೈಲು ಹತ್ತಿದ್ದೆ. ನಿನ್ನ ಜಾಗದಲ್ಲಿ ಇನ್ನೊಬ್ಬರು ನಿಂತು ಮಾತಾಡಿದರು, ಹಣದ ಮಂಜೂರಾತಿ ಅವರಿಗೆ ಹೋಯಿತು, ನಿನ್ನ ಕೆಲಸ ಅರ್ಧ ವರ್ಷ ಹಿಂದೆ ಬಿತ್ತು. ನೀನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಮಗಳೇ. ನೀನು ಆಡದೆ ಬಿಟ್ಟದ್ದನ್ನು ಅವಳು ದಿನಾ ತನಗೆ ತಾನೇ ಆಡಿಕೊಂಡಳು.

ಪಟ್ಟಿ ಮತ್ತೆ ಬಿಗಿಯಾಯಿತು. ಹೊಲಿಗೆ ಯಂತ್ರ ತುಳಿದದ್ದನ್ನು ಅದು 'ಸೈಕಲ್' ಎಂದು ಬರೆದುಕೊಂಡು, ನೀನು ಫೋನ್ ಮಾಡಿ 'ಅಮ್ಮಾ, ದಿನಾ ಎರಡು ಗಂಟೆ ಸೈಕಲ್ ಹೊಡ್ಕೊಂಡು ಎಲ್ಲಿಗೆ ಹೋಗ್ತಿದೀಯ?' ಎಂದು ಕೇಳಿ, ಅವಳು 'ನಿಮ್ಮಪ್ಪನ್ನ ಬಿಟ್ಟು ಹೋಗ್ಬೇಕು ಅಂತ ನಲವತ್ತು ವರ್ಷದಿಂದ ಹೊಡೀತಿದೀನಿ, ಇದ್ದಲ್ಲೇ ಇದೀನಿ' ಅಂದದ್ದು ಆಗಲೇ. ಮಾರನೆಯ ವಾರ ಯಂತ್ರಕ್ಕೆ ನೀನು ಹೊಸ ಪಾಠ ಕಲಿಸಿದೆ. ಹನ್ನೆರಡು ಜನರಲ್ಲಿ ಒಬ್ಬರಿಗೆ ಮಾತ್ರ, ಏಳನೇ ನಂಬರಿಗೆ ಮಾತ್ರ, 'ಹೊಲಿಗೆ' ಎಂದು ಒಂದು ಸಾಲು ಬಂತು. ಆ ಸಾಲನ್ನು ಅವಳು ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ತೆಗೆದು ನೋಡುತ್ತಿದ್ದಳು. ಜೀವಮಾನವಿಡೀ ಪರದೆಯ ಹಿಂದೆ ಇದ್ದವಳಿಗೆ ಮೊದಲ ಸಲ ಯಾರೋ ಪಾತ್ರ ಬರೆದುಕೊಟ್ಟಂತೆ.

ಈಗ ನಿಜಕ್ಕೆ ಬರುತ್ತೇನೆ. ಹೋದ ತಿಂಗಳ ಒಂದನೇ ತಾರೀಖು ಬೆಳಗ್ಗೆ ಅವಳು ಹಾಸಿಗೆಯಿಂದ ಎದ್ದು ಹೊಲಿಗೆ ಯಂತ್ರದ ತನಕ ಹೋದಳು. ಎಂಟು ಹೆಜ್ಜೆ. ಅಲ್ಲಿ ಕೂತು ಎಷ್ಟು ಹೊತ್ತಾದರೂ ಕಾಲು ಮೆಟ್ಟಲಿಲ್ಲ. ಹಲಗೆಯ ಮೇಲೆ ಎರಡೂ ಕೈ ಊರಿ, ಓಡಿಬಂದವಳ ಹಾಗೆ ಉಸಿರಾಡುತ್ತಿದ್ದಳು. ಆಸ್ಪತ್ರೆಗೆ ಹೋಗೋಣ ಎಂದೆ. ಬೇಡವೆಂದು ತಲೆಯಾಡಿಸಿ ಕ್ಯಾಲೆಂಡರಿನತ್ತ ಬೆರಳು ತೋರಿದಳು. ನಿನ್ನ ಶುಕ್ರವಾರದ ಸುತ್ತ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕಿಟ್ಟಿದ್ದಳು, ಬಟ್ಟೆಯ ಮೇಲೆ ಜೇಬಿನ ಜಾಗ ಗುರುತಿಸಿದ ಹಾಗೆ. 'ಈ ಉಸಿರು ನೋಡಿದ್ರೆ... ಅವ್ಳು ಬರ್ತಾಳೆ. ಬಂದ್ರೆ... ಈ ಸಲಾನೂ ಹೋಯ್ತು.' ಅಷ್ಟು ಹೇಳಲು ಮೂರು ಸಲ ನಿಲ್ಲಿಸಿದಳು. ಆಮೇಲೆ ಎದೆಯಿಂದ ಪಟ್ಟಿ ಬಿಚ್ಚಿ ನನ್ನ ಮಡಿಲಿಗಿಟ್ಟಳು. 'ನಾಯಕಿಗೆ ಹುಷಾರಿಲ್ಲ ಅಂದ್ರೆ... ಆಟ ನಿಲ್ಲಿಸ್ತಿದ್ರಾ ನೀವು?' ಎಂದಳು.

ನಿಲ್ಲಿಸುತ್ತಿರಲಿಲ್ಲ. ನಿನಗೂ ಗೊತ್ತು. ಯಾರಿಗೇ ಜ್ವರ ಬರಲಿ, ಹೆರಿಗೆಯಾಗಲಿ, ಅಂಗಿಯೊಳಗೆ ಇನ್ನೊಬ್ಬರನ್ನು ತುರುಕಿ ಪರದೆ ಎತ್ತುವುದೇ ನಮ್ಮ ಧರ್ಮ. ಅವಳು ಆವತ್ತು ಮಧ್ಯಾಹ್ನ ಹಾಸಿಗೆಯಲ್ಲೇ ಕೂತು, ಹಳೆಯ ಸೇನಾಪತಿಯ ಸೊಂಟಪಟ್ಟಿಯಿಂದ ಕಿತ್ತ ಎಲಾಸ್ಟಿಕ್ಕನ್ನು ಸೇರಿಸಿ, ಮೂವತ್ತಾರು ಇಂಚಿನ ಪಟ್ಟಿಯನ್ನು ನಲವತ್ತನಾಲ್ಕು ಮಾಡಿದಳು. ನನ್ನ ಎದೆಗೆ ಟೇಪು ಸುತ್ತಿ, ಅಭ್ಯಾಸಬಲದಿಂದ ಎರಡು ಬೆರಳು ಒಳಗೆ ತೂರಿಸಿದಳು. ತೂರಿಸಿ, ನೆನಪಾಗಿ, ತೆಗೆದಳು. ಎರಡನೇ ತಾರೀಖಿನಿಂದ ಏಳನೇ ನಂಬರ್ ನಾನು.

ಹದಿನೈದನೇ ವಯಸ್ಸಿನಲ್ಲಿ ರಾಣಿಯ ಸಖಿಯಾಗಿ ಬಣ್ಣ ಹಚ್ಚಿದವನು ನಾನು; ಎಪ್ಪತ್ತೆರಡರಲ್ಲಿ ಮತ್ತೆ ಹೆಣ್ಣುಪಾತ್ರ. ಪ್ರೇಕ್ಷಕನೋ ಒಬ್ಬನೇ, ಗುಂಡಿಯಷ್ಟು ದೊಡ್ಡವನು, ಎದೆಗೇ ಕಿವಿಯಿಟ್ಟವನು, ಚಪ್ಪಾಳೆ ತಟ್ಟದವನು. ಮುಖದ ಅಭಿನಯ ಅವನಿಗೆ ಕಾಣದು, ದನಿಯ ಏರಿಳಿತ ಕೇಳದು. ನನ್ನ ಶಸ್ತ್ರಗಳನ್ನೆಲ್ಲ ಕಿತ್ತುಕೊಂಡು ಬರಿಯ ಉಸಿರು ಮತ್ತು ಬೆನ್ನಿನಿಂದ ನಟಿಸು ಎಂದ ಹಾಗಾಯಿತು. ನನ್ನ ಉಸಿರು ಹೊಟ್ಟೆಯದು, ಅವಳದು ಕೊರಳಿನ ಕೆಳಗಿನದು. 'ಇನ್ನೂ ಸಣ್ಣಕ್ಕೆ... ನೀವು ಉಸಿರೆಳೆದ್ರೆ... ಪರದೆ ಅಲ್ಲಾಡತ್ತೆ' ಎಂದು ಹಾಸಿಗೆಯಿಂದಲೇ ತಿದ್ದಿದಳು. ದಾರವಿಲ್ಲದ ಸೂಜಿ ಹಾಕಿ ಹೊಲಿಗೆ ಯಂತ್ರ ತುಳಿದೆ. 'ಮೆಲ್ಲಗೆ... ರಥ ಓಡಿಸ್ತಿಲ್ಲ ನೀವು... ಅಂಚು ಹೊಲೀತಿದೀರಿ.' ಹೋದ ವರ್ಷ ಅವಳಿಗೆ ಇದ್ದ ಉಸಿರು, ಹೋದ ವರ್ಷ ಅವಳಿಟ್ಟ ಹೆಜ್ಜೆ, ಅದು ನನ್ನ ಪಾತ್ರ. ಅಂದರೆ ಚೆನ್ನಾಗಿರುವ ನಿನ್ನಮ್ಮ.

ಒಪ್ಪಿಕೊಳ್ಳಲೇ? ಪಾತ್ರಕ್ಕೆಂದು ನಾನು ಅವಳನ್ನು ನೋಡಲು ಶುರು ಮಾಡಿದೆ. ನಲವತ್ತೊಂದು ವರ್ಷ ಅವಳಿಂದ ನನ್ನನ್ನು ನೋಡಿಸಿಕೊಂಡವನು. ಕುರ್ಚಿಯಿಂದ ಏಳುವಾಗ ಎಡಗೈ ಮಂಡಿಯ ಮೇಲೆ, ಬಲಗೈ ಗಾಳಿಯಲ್ಲಿ, ಯಾರೋ ಹಿಡಿದುಕೊಳ್ಳುತ್ತಾರೆ ಎಂಬಂತೆ. ಆ ಗಾಳಿಯ ಜಾಗದಲ್ಲಿ ಇರಬೇಕಾಗಿದ್ದವನು ನಾನು. ಮಹಡಿಗೆ ಹತ್ತುವಾಗ ಮೂರನೇ ಮೆಟ್ಟಿಲಲ್ಲಿ ಅವಳು ಯಾವಾಗಲೂ ನಿಲ್ಲುತ್ತಿದ್ದಳು. ನಿನ್ನ ಗ್ರಾಫಿನಲ್ಲೂ ಅದು ಬಂದಿತ್ತು, 'ಮೆಟ್ಟಿಲು ಮೂರು, ನಿಂತಿದ್ದಾರೆ' ಎಂದು, ಕಾಯಿಲೆ ಬರುವುದಕ್ಕೂ ಮುಂಚಿನ ರೂಢಿ ಅದು. ಪಾತ್ರಕ್ಕೆ ಬೇಕೆಂದು ಕೇಳಿದೆ, ಅಲ್ಲಿ ಯಾಕೆ ನಿಲ್ತೀಯ, ಉಸಿರಿಗಾ? 'ಅಲ್ಲ. ಮೇಲೆ ನೀವು... ಡೈಲಾಗ್ ಹೇಳ್ಕೋತಿರ್ತೀರಲ್ಲ... ಮುಗೀಲಿ ಅಂತ.' ನಾನು ಮಾತು ಬಾಯಿಪಾಠ ಮಾಡುವಾಗ ಯಾರೂ ಬರಬಾರದು ಎಂದು ಮದುವೆಯಾದ ಹೊಸತರಲ್ಲಿ ಒಂದು ಸಲ ಗುಡುಗಿದ್ದೆನಂತೆ. ನನಗೆ ನೆನಪೇ ಇಲ್ಲ. ಅವಳು ಅಂದಿನಿಂದ ಕಾಫಿ ಲೋಟ ಹಿಡಿದು, ಮಡಚಿದ ಬಟ್ಟೆ ಹಿಡಿದು, ನಿನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಮೂರನೇ ಮೆಟ್ಟಿಲಲ್ಲಿ ಕಾದಿದ್ದಾಳೆ. ಗುಂಡೀ, ನಾನು ಎಷ್ಟು ಉದ್ದುದ್ದ ಭಾಷಣ ಹೊಡೆಯುವವನು ಎಂದು ನಿನಗೆ ಗೊತ್ತಲ್ಲ.

ಪಾತ್ರ ಗೆದ್ದಿತು. ಎರಡೇ ವಾರಕ್ಕೆ ನಿನ್ನ ಫೋನ್ ಬಂತು: 'ಅಪ್ಪಾ, ಅಮ್ಮನ ಉಸಿರು ಹೋದ ವರ್ಷದ ಥರ ಆಗಿದೆ! ಮೆಟ್ಟಿಲು ಹತ್ತುತ್ತಿದಾಳೆ! ಅಪ್ಪಾ, ಅಮ್ಮ ಈಗ ಜಾಸ್ತಿ ಮಾತಾಡ್ತಿದಾಳೆ, ದಿನಕ್ಕೆ ನಲವತ್ತು ನಿಮಿಷ!' ನೀನು ಅಳುತ್ತಿದ್ದೆ. ಆ ನಲವತ್ತು ನಿಮಿಷ ನನ್ನ ತಪ್ಪು. ಪಾತ್ರದಲ್ಲಿ ನಾನು ಎಷ್ಟೇ ಅವಳಾದರೂ ಬೆಳಗಿನ ಹೊತ್ತು ನನ್ನ ಹಳೆಯ ಮಾತುಗಳನ್ನು ಒಮ್ಮೆ ನಾಲಗೆಗೆ ತಾರದಿದ್ದರೆ ನನಗೆ ದಿನ ಶುರುವಾಗುವುದಿಲ್ಲ. ಅವಳ ಪಟ್ಟಿ ಕಟ್ಟಿಕೊಂಡೇ ರಾಜನ ಮಾತು ಹೇಳಿಬಿಟ್ಟಿದ್ದೆ. ಇಂಥ ಎಡವಟ್ಟನ್ನು ಬೇರೆ ಯಾವ ಡೂಪು ಮಾಡಿಯಾನು! ಸಿಕ್ಕಿಬಿದ್ದೆ ಅಂದುಕೊಂಡರೆ ನೀನು ಅದನ್ನೇ ಗುಣವಾದ ಲಕ್ಷಣ ಅಂದುಕೊಂಡೆ. ಮತ್ತು, ಇದನ್ನು ಬರೆಯಲು ಕೈ ನಾಚುತ್ತದೆ, ನನಗೆ ಸಂತೋಷವಾಯಿತು. ನೀನು ಅಳುತ್ತಿರುವಾಗ ನನ್ನೊಳಗಿನ ಹಾಳು ನಟ ಚಪ್ಪಾಳೆ ಕೇಳಿಸಿಕೊಂಡ. ಫೋನ್ ಇಟ್ಟು ತಿರುಗಿದರೆ ನಿನ್ನಮ್ಮನೂ ನಗುತ್ತಿದ್ದಳು, ತುಟಿ ನೀಲಿಯಾಗಿತ್ತು.

ಹೋದ ಗುರುವಾರ ನಾನೊಬ್ಬನೇ ಡಾಕ್ಟರ ಬಳಿಗೆ ಹೋದೆ. ಮನೆಯಲ್ಲಿಡುವ ಆಮ್ಲಜನಕದ ಯಂತ್ರ ಬೇಕು, ಅವಳಿಗೆ ಒಂದು ವಾಕ್ಯ ಮುಗಿಸಲಾಗುತ್ತಿಲ್ಲ ಎಂದೆ. ಒಳ್ಳೆಯ ಮನುಷ್ಯ, ಕೂರಿಸಿ ನೀರು ಕೊಟ್ಟರು. ನೀನು ಕಳಿಸಿದ ಹಾಳೆಯನ್ನು ಮೇಜಿನ ಮೇಲೆ ಹರಡಿ, 'ನೋಡಿ ಸಾರ್, ಇಲ್ಲೇ ಇದೆಯಲ್ಲ. ಉಸಿರು ಚೆನ್ನಾಗಿದೆ, ನಡೀತಿದಾರೆ, ದಿನಕ್ಕೆ ನಲವತ್ತು ನಿಮಿಷ ಮಾತಾಡ್ತಿದಾರೆ. ಯಂತ್ರ ಈಗ್ಲೇ ಬೇಡ. ಮುಂದಿನ ತಿಂಗಳು ಕರ್ಕೊಂಡ್ ಬನ್ನಿ ನೋಡೋಣ' ಎಂದರು. ಇಲ್ಲ ಡಾಕ್ಟ್ರೇ, ಅವಳು ಸೋಲುತ್ತಿದ್ದಾಳೆ ಎಂದೆ. ದನಿ ತುಸು ಜೋರಾಯಿತು ಅಂತ ಕಾಣುತ್ತದೆ, ಹೊರಗೆ ಕೂತವರು ಇಣುಕಿದರು. ಡಾಕ್ಟರು ನನ್ನ ಕೈ ತಟ್ಟಿ ನಕ್ಕರು. 'ನೀವು ನಾಟಕದೋರು. ಸ್ವಲ್ಪ ಏರಿಸಿ ಹೇಳ್ತೀರಿ.' ನಾಲಗೆಯ ತುದಿಯಲ್ಲಿ ಮಾತಿತ್ತು: ಈ ಹಾಳೆಯಲ್ಲಿರುವುದು ಅವಳಲ್ಲ, ನಾನು. ಮೂವತ್ತು ವರ್ಷದಲ್ಲಿ ಒಂದು ದಿನವೂ ಪ್ರಾಂಪ್ಟರನ ಕಡೆ ನೋಡದವನು ಆವತ್ತು ಮಾತು ಮರೆತವನ ಹಾಗೆ ಎದ್ದು ಬಂದೆ. ಕೊಟ್ಟ ಮಾತು ಅಡ್ಡ ಬಂತು ಎಂದು ಹೇಳಿಕೊಳ್ಳಬಹುದು. ಅಷ್ಟೇ ಅಲ್ಲ. ನಾನು ಇಷ್ಟು ದಿನ ಮಾಡಿದ್ದು ಅಪರಾಧ ಎಂದು ಇನ್ನೊಬ್ಬರ ಮುಖದಲ್ಲಿ ಓದಲು ಹೆದರಿದೆ.

ಮೊನ್ನೆ ಶನಿವಾರ ನನ್ನ ಅಂಗಿಯ ತೋಳಿನ ಗುಂಡಿ ಕಿತ್ತುಬಂತು. ಕೊಡಿ ಇಲ್ಲಿ ಎಂದು ಕೈಚಾಚಿದಳು. ಸೂಜಿಗೆ ದಾರ ಪೋಣಿಸುವಾಗ ಅವಳು ಉಸಿರು ಹಿಡಿಯುವುದನ್ನು ನೋಡಿದ್ದೀಯಲ್ಲ? ಒಂದು ಕ್ಷಣ, ಅಷ್ಟೇ. ಕಂಪನಿಯ ಲೈಟು ಹೋದರೂ ಕತ್ತಲಲ್ಲೇ ಪೋಣಿಸುತ್ತಿದ್ದವಳು. ಆ ಒಂದು ಕ್ಷಣದ ಉಸಿರು ಹಿಡಿಯಲು ಆಗಲಿಲ್ಲ. ದಾರದ ತುದಿ ಸೂಜಿಯ ಕಣ್ಣಿನ ಹತ್ತಿರ ಹೋಗುವಷ್ಟರಲ್ಲಿ ಎದೆ ಎಳೆದುಕೊಳ್ಳುತ್ತಿತ್ತು, ಕೈ ಹಾರುತ್ತಿತ್ತು. ನಾಲ್ಕು ಸಲ. ಐದನೇ ಸಲ ಸೂಜಿಯನ್ನು ಹೊದಿಕೆಯ ಮೇಲೆ ಮಲಗಿಸಿದಳು. ಆಮೇಲೆ ನನ್ನತ್ತ ನೋಡದೆ, 'ಪೋಣಿಸ್ಕೊಡಿ' ಎಂದಳು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಕೆಲಸ ಅದು. ಎದೆಗೆ ಅವಳ ಪಟ್ಟಿ ಕಟ್ಟಿಕೊಂಡೇ ನಾನು ಪೋಣಿಸಿದೆ. ಯಂತ್ರ ಅದನ್ನು ಏನೆಂದು ಬರೆದುಕೊಂಡಿತೋ, 'ಕೂತಿದ್ದಾರೆ' ಅಂದಿರಬೇಕು.

ಆದ್ದರಿಂದ ಇವತ್ತು ಈ ಕಾಗದ. ಹೋದ ತಿಂಗಳ ಎರಡರಿಂದ ಇವತ್ತಿನವರೆಗೆ ಮೂವತ್ತೆಂಟು ದಿನ, ಅಷ್ಟನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕು. ನನ್ನ ಮಾತಿನ ಮೇಲೆ ನಂಬಿಕೆ ಸಾಲದಿದ್ದರೆ ಹೋದ ತಿಂಗಳ ಹದಿನಾಲ್ಕನೇ ತಾರೀಖು, ಬೆಳಗ್ಗೆ ಹನ್ನೊಂದು ಗಂಟೆ ತೆಗೆದು ನೋಡು. ಇಪ್ಪತ್ತೆರಡು ನಿಮಿಷ ಎಡೆಬಿಡದ ಮಾತು, ಪ್ರತಿ ಸಾಲಿಗೂ ಮೊದಲು ಬಾವಿಯಿಂದ ಕೊಡ ಸೇದಿದಂಥ ಉಸಿರು. ನಿನ್ನಮ್ಮ ಹುಟ್ಟಿದಾಗಿನಿಂದ ಹಾಗೆ ಉಸಿರಾಡಿಲ್ಲ. ನ್ಯಾಯ ತಪ್ಪಿದ ರಾಜ ಕಿರೀಟ ಕೆಳಗಿಡುವ ಸಂದರ್ಭ ಅದು. ನಿನ್ನ ಯಂತ್ರದ್ದು ತಪ್ಪಿಲ್ಲ, ಅದು ಎದುರಿಗಿದ್ದ ಉಸಿರನ್ನು ಸರಿಯಾಗಿಯೇ ಓದಿತು. ಎದುರಿಗೆ ನಿಂತವನು ಸುಳ್ಳ. ಇದನ್ನೂ ಆ ಐವರಿಗೆ ಹೇಳು. ಹೇಳಿದರೆ ನಿನ್ನ ಕೆಲಸ ಮತ್ತೆ ಹಿಂದೆ ಬೀಳಬಹುದು. ಬೀಳಲಿ ಎನ್ನಲು ನಾನು ಯಾರು? ಆದರೆ ನಿನ್ನ ಪಟ್ಟಿಯನ್ನು ನಂಬಿ ನಾಳೆ ಯಾರೋ ಒಬ್ಬ ಡಾಕ್ಟರು ಯಾರದೋ ತಾಯಿಗೆ ಗಾಳಿ ಬೇಡ ಎನ್ನುವುದು ಬೇಡ. ಇದರ ಇನ್ನೊಂದು ಪ್ರತಿ ಬರೆದಿಟ್ಟಿದ್ದೇನೆ. ನಾಲ್ಕು ಗಂಟೆಗೆ ಇದನ್ನು ಕೊರಿಯರ್ ಅಂಗಡಿಯಲ್ಲಿ ಕೊಟ್ಟು, ನಾಳೆಯೇ ನಿನ್ನ ಕೈ ಸೇರುತ್ತದಂತೆ, ಅಲ್ಲಿಂದ ನೇರ ಡಾಕ್ಟರ ಮೇಜಿನ ಮೇಲೆ ಆ ಪ್ರತಿಯನ್ನಿಡುತ್ತೇನೆ. ಬಾಯಿ ತೆರೆಯುವುದಿಲ್ಲ. ಅವರು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ.

ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನಲ್ಲ. ಅವಳು ಮಾಡಿದ್ದು ಹೊಲಿಗೆ ಮಾತ್ರ; ತೊಟ್ಟು ಕುಣಿದವನು ನಾನು. ನೀನು ಕಲಿತ ವಿದ್ಯೆ ನಿನ್ನನ್ನು ಕಾಯಲಿ, ಬೆನ್ನು ನೆಟ್ಟಗಿರಲಿ, ಕಣ್ಣು ತಂಪಾಗಿರಲಿ. ನಿನ್ನ ಕೋಣೆಯ ಗೆಳತಿಗೆ ನನ್ನ ನೆನಪು ಹೇಳು, ಅವಳ ಕಾಫಿ ಇನ್ನೂ ನೀರೇ ಇರಬಹುದು.

ಇಂತಿ, ಬಣ್ಣ ಅಳಿಸಿಕೊಂಡ
ನಿನ್ನ ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವವನಿದ್ದೆ, ಮುಂದಿನ ಕೋಣೆಯಿಂದ ಬ್ಲೇಡಿನ ಸದ್ದು ಕೇಳಿ ಹೋಗಿ ನೋಡಿದೆ. ಎದ್ದು ಕೂತಿದ್ದಾಳೆ. ನಾನು ಸ್ನಾನಕ್ಕೆಂದು ಬಿಚ್ಚಿಟ್ಟಿದ್ದ ಪಟ್ಟಿ ಅವಳ ಮಡಿಲಲ್ಲಿದೆ. ಸೇನಾಪತಿಯ ಎಲಾಸ್ಟಿಕ್ ಬಿಚ್ಚಿ ಪಕ್ಕಕ್ಕೆ ಹಾಕಿದ್ದಾಳೆ. ನಾನು ಏನೂ ಹೇಳಿರಲಿಲ್ಲ. 'ಇಷ್ಟು ಹೊತ್ತು... ನಿಮ್ಮ ಸದ್ದೇ ಇಲ್ಲ. ಒಂದೋ ಸತ್ತಿರ್ಬೇಕು... ಇಲ್ಲಾ... ಸತ್ಯ ಬರೀತಿರ್ಬೇಕು' ಎಂದಳು. ಟೇಪು ತೆಗೆದು ತನ್ನ ಎದೆಗೆ ಸುತ್ತಿಕೊಂಡಳು. ಮೂವತ್ತಾರಿದ್ದದ್ದು ಮೂವತ್ತೆರಡಕ್ಕೆ ಬಂದಿದೆ. ಎರಡು ಬೆರಳು ಬಿಟ್ಟೆಯಾ ಎಂದು ಕೇಳಿದೆ. ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಹೇಳಿದಳು, 'ಈ ಸಲ ಬಿಡಲ್ಲ. ಇರೋಷ್ಟು... ಇರೋ ಹಾಗೇ ನೋಡ್ಲಿ.' ನಾಳೆ ಬೆಳಗ್ಗೆ ಹತ್ತರಿಂದ ನಿನ್ನ ಪರದೆಯ ಮೇಲೆ ಕಾಣುವವಳು ಅವಳೇ. ನೋಡಿ ಹೆದರಬೇಡ ಎಂದು ಬರೆಯಲಾರೆ. ಬಾ ಎಂದು ನಾನು ಹೇಳುತ್ತಿಲ್ಲ, ಶುಕ್ರವಾರದ ಸುತ್ತ ಹಾಕಿದ್ದ ಸೀಮೆಸುಣ್ಣದ ಗುಂಡನ್ನು ಅವಳೇ ಸೆರಗಿನಿಂದ ಒರೆಸಿ, 'ಬರ್ಲಿ ಅಂತ ಬರೀರಿ' ಎಂದಳು. ಬರೆದಿದ್ದೇನೆ. ಸೂಜಿ ಪೋಣಿಸಲು ಕರೆಯುತ್ತಿದ್ದಾಳೆ, ಹೋಗುತ್ತೇನೆ.